ಕತ್ತೆ ಎಂದು ವಿನಂತಿಸಿಕೊಂಡರು

ಸಂಬಳ ತೆಗೆದುಕೊಂಡು ಯಜಮಾನರನ್ನು ಮುಖದ ಮೇಲೇ ಬೈಯುವ ಭಾಗ್ಯ ಎಷ್ಟು ಜನಕ್ಕಿದ್ದೀತು? ಟಪಾಲಣ್ಣನಿಗಿತ್ತು. ಬೆಳಿಗ್ಗೆ ಹಾಸಿಗೆ ಅಂಗಡಿಯ ಬಾಗಿಲು ತೆಗೆದು, ದಿಂಬುಗಳ ಧೂಳು ಕೊಡವಿ, ಮರದ ಮೆಟ್ಟಿಲು ಹತ್ತಿ ಮಹಡಿಗೆ ಹೋಗಿ, ಚಿಕ್ಕ ಯಜಮಾನರ ಎದುರು ಕೈಕಟ್ಟಿ ನಿಂತು, “ಲೋ ದಂಡಪಿಂಡ, ನಿನ್ನೆ ನೀನು ಕಳಿಸಿದ ಹಾಸಿಗೆ ಮೇಲೆ ಗಿರಾಕಿ ಕೂತ್ಕೊಂಡ. ಕೂತವನು ಆಮೇಲೆ ಕಾಣಿಸಲೇ ಇಲ್ಲ. ಕೈಹಿಡಿದು ಮೇಲಕ್ಕೆ ಎಳೀಬೇಕಾಯ್ತು,” ಎನ್ನುವನು. ಚಿಕ್ಕ ಯಜಮಾನರು ಹೊಲಿಗೆ ಮಷೀನು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ತಕ್ಕ ಉತ್ತರ ಕೊಡುವರು. ಅದನ್ನು ಹೊತ್ತುಕೊಂಡು ಕೆಳಗಿಳಿದು, ಗಲ್ಲಾದ ಹಿಂದೆ ಕೂತ ದೊಡ್ಡ ಯಜಮಾನರಿಗೆ, “ಎಲೋ ಮುದಿ ಕೋಣ, ನೀನು ಮಾರೋದು ಹಾಸಿಗೆ ಅಲ್ಲ, ಚಪ್ಪಡಿಕಲ್ಲು. ಅದರ ಮೇಲೆ ಮಲಗಿದೋನು ಬೆಳಿಗ್ಗೆ ಮೂಳೆ ಎಣಿಸಿಕೊಂಡು ಏಳ್ಬೇಕು,” ಎಂದು ಒಪ್ಪಿಸುವನು. ಇಬ್ಬರೂ ಇದಕ್ಕಾಗಿ ಒಂದು ದಿನವೂ ಅವನ ಮೇಲೆ ಸಿಟ್ಟಾದವರಲ್ಲ.

ಯಜಮಾನರಿಬ್ಬರೂ ಒಡಹುಟ್ಟಿದವರು. ಅಪ್ಪ ಬಿಟ್ಟುಹೋದ ಅಂಗಡಿಯನ್ನು ಒಟ್ಟಿಗೆ ನಡೆಸುತ್ತಿದ್ದವರು, ಹಾಸಿಗೆ ಗಟ್ಟಿಯಾಗಿರಬೇಕೋ ಮೆತ್ತಗಿರಬೇಕೋ ಎಂಬ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ಬಿಟ್ಟವರು. ಅಂದಿನಿಂದ ಅಣ್ಣ ಕೆಳಗೆ, ತಮ್ಮ ಮೇಲೆ. ಅಣ್ಣನಿಗೆ ಮುಂಬಾಗಿಲು, ತಮ್ಮನಿಗೆ ಹಿತ್ತಲ ಮೆಟ್ಟಿಲಿನ ಹಿಂಬಾಗಿಲು. ತಮ್ಮ ಮೆತ್ತಗೆ ತುಂಬಿಸಿ ಕಳಿಸುವುದು, ಅಣ್ಣ ಅದಕ್ಕೆ ಇನ್ನಷ್ಟು ಹತ್ತಿ ತುರುಕಿ ಗಟ್ಟಿ ಮಾಡಿ ಮಾರುವುದು. ದಿಂಬು ಮಾರಲೆಂದು ಸೇರಿಕೊಂಡ ನಮ್ಮವನು ಈ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದು, ವರ್ಷಗಟ್ಟಲೆ ಮಾತು ಹೊತ್ತು ಹೊತ್ತು ಟಪಾಲಣ್ಣನಾಗಿಹೋದ.

ಕಸುಬಿನಲ್ಲಿ ಅವನು ನಿಷ್ಠಾವಂತ. ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ. ಅಣ್ಣ ಮಾತಿನ ನಡುವೆ ಕೆಮ್ಮಿದರೆ ಮಹಡಿಯಲ್ಲಿ ಅದೇ ಜಾಗಕ್ಕೆ ಬಂದಾಗ ಇವನೂ ಕೆಮ್ಮುವನು. ತಮ್ಮ ಮೇಜು ಗುದ್ದಿದರೆ ಕೆಳಗೆ ಬಂದು ಮೇಜು ಗುದ್ದುವನು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ ತಿಳಿದವರು. ಜಗಳವಿಲ್ಲದಿದ್ದರೆ ಸಂಬಳವೂ ಇಲ್ಲ ಎಂಬುದು ಆ ತಿಳಿದವರಿಗೆ ತಿಳಿದಿರಲಿಲ್ಲ.

ಹೀಗಿರುವಾಗ ಊರಿನ ದೊಡ್ಡ ಹೋಟೆಲಿನವರು ಕೋಣೆಕೋಣೆಗೂ ಹೊಸ ಹಾಸಿಗೆ ಹಾಕಿಸುತ್ತಾರೆಂಬ ಸುದ್ದಿ ಬಂತು. ಮಾಲು ನೋಡಲು ಬರುವ ಅಧಿಕಾರಿಣಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವವರಲ್ಲವೆಂದು ಪಕ್ಕದ ಕನ್ನಡಕದ ಅಂಗಡಿಯವನು ಹೆದರಿಸಿದ. ದೊಡ್ಡ ಯಜಮಾನರು, “ಇಂಗ್ಲಿಷ್ ಬಲ್ಲೋನೊಬ್ಬನ್ನ ಮ್ಯಾನೇಜರ್ ಅಂತ ಇಟ್ಕೋಬೇಕು,” ಎಂದು ಗೊಣಗಿದರು. ಟಪಾಲಣ್ಣನ ಬಾಯಿ ಅವನನ್ನು ಕೇಳದೆಯೇ, “ನನಗೆ ಬರುತ್ತಲ್ಲ ಯಜಮಾನ್ರೇ,” ಎಂದುಬಿಟ್ಟಿತು. ಸಂಜೆ ಮನೆಯಲ್ಲಿ ಮಾವನವರಿಗೆ ತಾನು ಮ್ಯಾನೇಜರ್ ಆಗಿಯೇ ಬಿಟ್ಟೆನೆಂದು ತಿಳಿಸಿದ.

ಮಾವನವರು ಮಗಳ ಮನೆಯಲ್ಲೇ ಇದ್ದರು. ಅಳಿಯನ ಸಾಮರ್ಥ್ಯದ ಬಗ್ಗೆ ಅವರಿಗೆ ಮದುವೆಯ ದಿನದಿಂದಲೂ ಒಂದು ಖಚಿತ ಅಭಿಪ್ರಾಯವಿತ್ತು. “ಮ್ಯಾನೇಜರಾ? ಒಳ್ಳೇದಾಯ್ತು. ದಿಂಬುಗಳು ನಿಮ್ಮ ಮಾತು ಕೇಳ್ತಾವಾ, ಅಳಿಯಂದ್ರೇ?” ಎಂದರು.

ಇನ್ನು ಇಂಗ್ಲಿಷ್ ಕಲಿಯದೆ ಗತಿಯಿರಲಿಲ್ಲ. ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಮೇಡಂ ಸಂಜೆ ಪಾಠ ಹೇಳುತ್ತಿದ್ದರು. ಟಪಾಲಣ್ಣ ಹೋಗಿ ಸೇರುವ ಹೊತ್ತಿಗೆ ಉಳಿದವರು ಅರ್ಧ ಪುಸ್ತಕ ಮುಗಿಸಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ವರದಿ ಮಾಡುವ ಪಾಠಕ್ಕೆ ಬಂದಿದ್ದರು. ಡೈರೆಕ್ಟ್ ಸ್ಪೀಚು ರಿಪೋರ್ಟೆಡ್ ಸ್ಪೀಚಾಗುವ ವಿಧಾನ. ಟಪಾಲಣ್ಣ ನೆಟ್ಟಗೆ ಕೂತ. ತನ್ನ ಕಸುಬಿಗೆ ಪಾಠವೊಂದಿದೆ, ಅದಕ್ಕೆ ನಿಯಮಗಳಿವೆ ಎಂಬುದು ಅವನಿಗೆ ಅಂದೇ ಗೊತ್ತಾದದ್ದು.

“ಬೇರೆಯವರ ಮಾತನ್ನ ಬಂದ ಹಾಗೇ ಒಪ್ಪಿಸೋದು ಎಳೆಮಕ್ಕಳ ಕೆಲಸ,” ಎಂದರು ಮೇಡಂ. “ಮೊದಲು ಕೊಟೇಷನ್ ಕಿತ್ತು ಹಾಕಿ. ‘ನಾನು’ ಅನ್ನೋದು ‘ಅವರು’ ಆಗ್ಬೇಕು. ‘ಇದೆ’ ಅನ್ನೋದು ‘ಇತ್ತು’ ಆಗ್ಬೇಕು. ‘ನಾಳೆ’ ಅನ್ನೋದು ‘ಮರುದಿನ’ ಆಗ್ಬೇಕು. ‘ಅಯ್ಯೋ’ ಅಂದಿದ್ರೆ ‘ದುಃಖದಿಂದ ಉದ್ಗರಿಸಿದರು’ ಅನ್ನಿ, ನೀವು ಅಯ್ಯೋ ಅನ್ನಬೇಡಿ. ಮುಖ್ಯವಾಗಿ ಎಲ್ಲದಕ್ಕೂ ಬರೀ ‘ಹೇಳಿದರು’ ಅಂತ ಹಾಕ್ಬಾರದು. ಹೇಳಿದವರ ಮನಸ್ಸಲ್ಲಿ ಏನಿತ್ತು ಅಂತ ನೋಡಿ, ರಿಕ್ವೆಸ್ಟ್ ಮಾಡಿದ್ರೋ, ಅಡ್ವೈಸ್ ಮಾಡಿದ್ರೋ, ಆರ್ಡರ್ ಮಾಡಿದ್ರೋ, ನೀವು ತೀರ್ಮಾನ ಮಾಡ್ಬೇಕು.”

ಟಪಾಲಣ್ಣ ಕೈಯೆತ್ತಿದ. “ಮೇಡಂ, ಒಬ್ಬರು ‘ಕತ್ತೆ, ಕೂತ್ಕೊಳೋ’ ಅಂದ್ರೆ?”

“ಕೂತ್ಕೊಳ್ಳಲಿ ಅನ್ನೋದು ತಾನೇ ಅವರ ಉದ್ದೇಶ? ಕೂತ್ಕೊಳ್ಳೋದಕ್ಕೆ ಹೇಳಿದರು. ಅಷ್ಟೇ.”

“ಕತ್ತೆ ಏನಾಯ್ತು ಮೇಡಂ?”

“ಕತ್ತೆ ಮುಖ್ಯ ಅಲ್ಲ.”

ಟಪಾಲಣ್ಣನಿಗೆ ನೆಲ ಅದುರಿದಂತಾಯಿತು. ಇಷ್ಟು ವರ್ಷ ಮೆಟ್ಟಿಲು ಹತ್ತಿ ಇಳಿದು ಅವನು ಹೊತ್ತದ್ದರಲ್ಲಿ ಮುಕ್ಕಾಲು ಪಾಲು ಕತ್ತೆಯೇ. ಮುಖ್ಯವಲ್ಲದ್ದನ್ನು ಹೊತ್ತು ಮಂಡಿ ಸವೆಸಿಕೊಂಡೆನಲ್ಲ ಎಂದು ದುಃಖವಾಯಿತು. ಮೇಡಂ ಹಲಗೆಯ ಮೇಲೆ ಬರೆದ ಕ್ರಿಯಾಪದಗಳಲ್ಲಿ ಅವನಿಗೆ ಎರಡೇ ನೆನಪಿನಲ್ಲಿ ನಿಂತವು. ಒಂದು ವಿನಂತಿ, ಇನ್ನೊಂದು ಸಲಹೆ. ಆರ್ಡರ್ ಎಂಬುದು ಅಂಗಡಿಯಲ್ಲಿ ಗಿರಾಕಿಗಳು ಕೊಡುವಂಥದ್ದಾದ್ದರಿಂದ ಅದನ್ನು ಯಜಮಾನರ ಬಾಯಿಗೆ ಹಾಕುವುದು ಸರಿಯಲ್ಲವೆಂದು ಅವನೇ ಕೈಬಿಟ್ಟ.

ಅಭ್ಯಾಸ ಮನೆಯಿಂದಲೇ ಶುರುವಾಯಿತು. ಊಟಕ್ಕೆ ಕೂತಾಗ ಮಾವನವರು, “ಉಪ್ಪು ಕಡಿಮೆ,” ಎಂದರು. ಟಪಾಲಣ್ಣ ಪಕ್ಕದಲ್ಲೇ ಕೂತಿದ್ದ ಹೆಂಡತಿಯತ್ತ ತಿರುಗಿ, “ಉಪ್ಪು ಕಡಿಮೆಯಾಗಿತ್ತೆಂದು ಮಾವನವರು ತಿಳಿಸಿದರು,” ಎಂದ.

“ರೀ, ನನಗೂ ಕಿವಿ ಇದೆ.”

“ತನಗೂ ಕಿವಿ ಇತ್ತೆಂದು ಅವಳು ತಿಳಿಸಿದಳು,” ಎಂದ ಮಾವನತ್ತ ತಿರುಗಿ.

“ಇತ್ತು ಅಂದ್ರೆ? ಈಗಿಲ್ವಾ?” ಎಂದು ಮಾವನವರು ಗಾಬರಿಯಾಗಿ ಮಗಳ ಕಿವಿ ನೋಡಿದರು. ಹೆಂಡತಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಲ್ಲೇ ನಿಂತು ಊಟ ಮುಗಿಸಿದಳು. ಎದುರು ಮನೆಯ ಹೊಲಿಗೆಯಮ್ಮನಿಗೆ ಕಿಟಕಿಯಿಂದಲೇ, “ಇವರಿಗೆ ಯಾರೋ ಏನೋ ಕಲಿಸಿಬಿಟ್ಟಿದ್ದಾರೆ ಕಣಕ್ಕ,” ಎಂದು ಹೇಳಿಕೊಂಡಳು. ಟಪಾಲಣ್ಣನಿಗೆ ಅದನ್ನೂ ವರದಿ ಮಾಡುವ ಆಸೆಯಾಯಿತು, ಆದರೆ ಕೇಳುವವರು ಯಾರೂ ಉಳಿದಿರಲಿಲ್ಲ.

ಮರುದಿನ ಅಂಗಡಿಯಲ್ಲಿ ದೊಡ್ಡ ಯಜಮಾನರು ಹೋಟೆಲಿನ ಹಾಸಿಗೆಯ ವಿಷಯಕ್ಕೆ ಬಂದರು. ಬರುವಾಗಲೇ ಮುಖ ಕೆಂಪಗಿತ್ತು. “ಟಪಾಲು, ಆ ದಂಡಪಿಂಡಕ್ಕೆ ಹೇಳು. ಹೋಟೆಲಿನವರಿಗೆ ತೋರಿಸೋ ಹಾಸಿಗೆ ಗಟ್ಟಿಯಾಗಿರ್ಲಿ. ಅವನ ತಲೆ ಇದ್ದ ಹಾಗಿರ್ಲಿ ಅಂತ ಹೇಳು. ಅದಕ್ಕಿಂತ ಗಟ್ಟಿ ವಸ್ತು ಈ ಊರಲ್ಲಿ ಇನ್ನೊಂದಿಲ್ಲ,” ಎಂದು ಗಲ್ಲಾ ಗುದ್ದಿದರು. ಚಿಲ್ಲರೆ ಎಗರಿ ನೆಲಕ್ಕೆ ಬಿತ್ತು.

ಟಪಾಲಣ್ಣ ಮೆಟ್ಟಿಲು ಹತ್ತುತ್ತಾ ಒಂದೊಂದೇ ನಿಯಮವನ್ನು ಜ್ಞಾಪಿಸಿಕೊಂಡ. ಕೊಟೇಷನ್ ಕಿತ್ತ. ದಂಡಪಿಂಡವನ್ನು ತೆಗೆದ. ತಲೆ ಮುಖ್ಯವಲ್ಲವೆಂದು ಅದನ್ನೂ ತೆಗೆದ. ಮಹಡಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, “ಹೋಟೆಲಿನವರಿಗೆ ತೋರಿಸುವ ಹಾಸಿಗೆ ಸ್ವಲ್ಪ ಗಟ್ಟಿಯಾಗಿರಲೆಂದು ಅಣ್ಣನವರು ತಮ್ಮಲ್ಲಿ ವಿನಂತಿಸಿಕೊಂಡರು,” ಎಂದ.

ಹೊಲಿಗೆ ಮಷೀನು ನಿಂತಿತು. ಚಿಕ್ಕ ಯಜಮಾನರು ಕನ್ನಡಕ ತೆಗೆದರು. “ಯಾರು?”

“ಅಣ್ಣನವರು.”

“ನಮ್ಮ ಅಣ್ಣನಾ? ಏನು ಮಾಡಿಕೊಂಡ?”

“ವಿನಂತಿ.”

ಚಿಕ್ಕ ಯಜಮಾನರು ದನಿ ತಗ್ಗಿಸಿ, “ಮುಖ ಹೇಗಿತ್ತು?” ಎಂದರು.

“ಕೆಂಪಗಿತ್ತು ಯಜಮಾನ್ರೇ.”

“ಉಸಿರು?”

“ಜೋರಾಗಿತ್ತು.”

“ಕೈ ನಡುಗ್ತಿತ್ತಾ?”

ಗಲ್ಲಾ ಗುದ್ದಿದ ಕೈ. ನಡುಗದೆ ಇದ್ದೀತೇ? “ನಡುಗ್ತಿತ್ತು,” ಎಂದ ಟಪಾಲಣ್ಣ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ.

ಚಿಕ್ಕ ಯಜಮಾನರು ಹತ್ತಿ ಮೂಟೆಯ ಮೇಲೆ ಕುಸಿದು ಕೂತರು. “ಹೋಯ್ತು ಬಿಡು. ನಮ್ಮ ಮನೇಲಿ ಇದು ಹೀಗೇ. ಅಪ್ಪ ಜೀವಮಾನವಿಡೀ ನನ್ನನ್ನ ಬೈದು ಬೈದು, ಕೊನೇ ವಾರದಲ್ಲಿ ಒಂದು ಸಲ ‘ಮಗೂ’ ಅಂದ್ರು. ಆ ಭಾನುವಾರ ಹೋಗೇಬಿಟ್ರು. ತಾತನೂ ಅಷ್ಟೇ. ಅಜ್ಜಿಗೆ ‘ದಯವಿಟ್ಟು ನೀರು ಕೊಡು’ ಅಂದ್ರಂತೆ. ನೀರು ತರೋ ಹೊತ್ತಿಗೆ ಇರಲಿಲ್ಲ. ನಮ್ಮ ವಂಶದ ಗಂಡಸರಿಗೆ ಮರ್ಯಾದೆ ಬಂತು ಅಂದ್ರೆ ಆಯಸ್ಸು ಮುಗೀತು ಅಂತಲೇ ಲೆಕ್ಕ.” ಕಣ್ಣೊರೆಸಿಕೊಂಡು, ಮತ್ತೆ ಅಭ್ಯಾಸಬಲದಿಂದ ದನಿಯೇರಿಸಿದರು. “ಆ ಮುದಿ ಕೋಣಕ್ಕೆ ಹೇಳು, ಗಟ್ಟಿಯಾಗೇ ಹೊಲಿಸ್ತೀನಿ, ಬಾಯಿ ಬಡ್ಕೋಬೇಡ ಅಂತ. ಅರಚಿ ಅರಚಿ ಎದೆ ಒಡ್ಕೊಂಡ್ರೆ ಡಾಕ್ಟರನ್ನ ಕರ್ಕೊಂಡು ಬರೋನು ಯಾರು, ನಾನಾ? ಅವನ ಕಾಯಿಲೆ ನನಗೆ ತಿಳಿದಿದೆ ಅಂತ ಮಾತ್ರ ಅವನಿಗೆ ಹೇಳ್ಬೇಡ.”

ಟಪಾಲಣ್ಣ ಕೆಳಗೆ ಬಂದು, “ಗಟ್ಟಿಯಾಗಿ ಹೊಲಿಸಲು ತಮ್ಮನವರು ಒಪ್ಪಿದರು. ಆರೋಗ್ಯ ನೋಡಿಕೊಳ್ಳುವಂತೆ ಸಲಹೆಯನ್ನೂ ನೀಡಿದರು,” ಎಂದು ವರದಿ ಮಾಡಿದ.

ದೊಡ್ಡ ಯಜಮಾನರು ನೆಲದ ಮೇಲೆ ಚಿಲ್ಲರೆ ಹೆಕ್ಕುತ್ತಿದ್ದವರು ಅಲ್ಲೇ ಕೂತುಬಿಟ್ಟರು. “ಒಪ್ಪಿದ್ನಾ? ಅವನು?” ಎಂದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, “ಟಪಾಲು, ಅವನ ಕಣ್ಣು ಹೇಗಿತ್ತು?” ಎಂದು ಕೇಳಿದರು.

“ಒದ್ದೆಯಾಗಿತ್ತು ಯಜಮಾನ್ರೇ. ಕುಸಿದು ಕೂತಿದ್ರು.”

“ಅಯ್ಯೋ ನನ್ನ ತಮ್ಮ,” ಎಂದರು ದೊಡ್ಡ ಯಜಮಾನರು. ದುಃಖದಿಂದ ಉದ್ಗರಿಸಿದರು ಎಂದು ಟಪಾಲಣ್ಣ ಮನಸ್ಸಿನಲ್ಲೇ ತಿದ್ದಿಕೊಂಡ.

ಅಂದಿನಿಂದ ಆ ಅಂಗಡಿಯಲ್ಲಿ ನಡೆದದ್ದನ್ನು ಯಾವ ವ್ಯಾಕರಣದಲ್ಲೂ ಬರೆದಿಲ್ಲ. ಮೇಲಿನಿಂದ ಕೆಳಗೆ ಹಣ್ಣಿನ ಬುಟ್ಟಿ ಇಳಿಯಿತು. ಕೆಳಗಿನಿಂದ ಮೇಲಕ್ಕೆ ಶಕ್ತಿಯ ಟಾನಿಕ್ಕು ಏರಿತು. ಕಳಿಸುವಾಗ ಇಬ್ಬರೂ ಬೈಯುವುದನ್ನೇನೂ ಬಿಟ್ಟಿರಲಿಲ್ಲ. ತಾವು ಮೆತ್ತಗಾದದ್ದು ಗೊತ್ತಾದರೆ ರೋಗಿ ಎದೆಯೊಡೆದುಕೊಂಡಾನೆಂಬ ಭಯ ಇಬ್ಬರಿಗೂ. “ಆ ಕೋಣ ಮೆಟ್ಟಿಲ ಹತ್ತಿರ ಸುಳೀಬಾರದು ಅಂತ ಹೇಳು. ಜಾರಿ ಬಿದ್ದು ಸತ್ರೆ ಮೆಟ್ಟಿಲು ತೊಳೆಯೋರು ಯಾರು,” ಎಂದು ತಮ್ಮ ಹೇಳಿದ್ದು ಕೆಳಗೆ ತಲುಪುವಾಗ, “ಮೆಟ್ಟಿಲಿನ ಬಗ್ಗೆ ಜಾಗ್ರತೆಯಾಗಿರುವಂತೆ ವಿನಂತಿಸಿಕೊಂಡರು,” ಎಂದಾಗುವುದು. ದೊಡ್ಡ ಯಜಮಾನರು ಪೂರ್ತಿ ಕೇಳುವ ಮೊದಲೇ ಕರವಸ್ತ್ರ ಹುಡುಕುವರು. ಮಾತು ಸೌಮ್ಯವಾದಷ್ಟೂ ರೋಗ ಉಲ್ಬಣಿಸಿದೆ ಎಂದು ಇಬ್ಬರೂ ತಿಳಿದರು. ಬುಧವಾರ ಟಪಾಲಣ್ಣ ಬಾಯಿತಪ್ಪಿ “ಅತ್ಯಂತ ಗೌರವಪೂರ್ವಕವಾಗಿ” ಎಂದು ಸೇರಿಸಿದ್ದಕ್ಕೆ ಚಿಕ್ಕ ಯಜಮಾನರು ಊಟ ಬಿಟ್ಟರು.

ಹೋಟೆಲಿನ ಹಾಸಿಗೆಯಂತೂ ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು, ಮೇಲೆ ಕೆಳಗೆ ಅಲೆದಾಡಿತು. ಸಾಯುವ ಅಣ್ಣನ ಆಸೆಯೆಂದು ತಮ್ಮ ಒಳಗೆಲ್ಲ ಗಟ್ಟಿಯಾಗಿ ತುಂಬಿಸಿ ಕಳಿಸಿದ. ಅದನ್ನು ನೋಡಿ, ಸಾಯುವ ತಮ್ಮನ ಮನಸ್ಸು ನೋಯಬಾರದೆಂದು ಅಣ್ಣ ಮೇಲೊಂದು ಮೆತ್ತನೆಯ ಪದರ ಹೊಲಿಸಿದ. ಅಂಥ ಹಾಸಿಗೆ ಆ ಅಂಗಡಿಯಲ್ಲಿ ಹಿಂದೆ ಹುಟ್ಟಿರಲಿಲ್ಲ.

ಸುದ್ದಿಗೆ ಕಾಲು ಬೇಕೇ? ಕನ್ನಡಕದ ಅಂಗಡಿಯವನು ಮೊದಲು ಬಂದ. ಟಪಾಲಣ್ಣನ ಭುಜ ತಟ್ಟಿ, “ಇಬ್ಬರೂ ಒಟ್ಟಿಗೆ ಹೋಗ್ತಾರಂತಲ್ಲ, ಪಾಪ. ಒಳ್ಳೇ ಜನ. ಅಂಗಡಿ ಖಾಲಿಯಾದ್ರೆ ಬೇರೆಯವರಿಗೆ ಹೇಳೋ ಮುಂಚೆ ನನಗೊಂದು ಮಾತು,” ಎಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳತೆ ನೋಡಿದ. ಬೇರೆ ಊರಿನಲ್ಲಿದ್ದ ಯಜಮಾನರ ಅಕ್ಕನಿಗೆ ಅಣ್ಣತಮ್ಮಂದಿರಿಬ್ಬರೂ ಬೇರೆಬೇರೆಯಾಗಿ ಫೋನು ಮಾಡಿ, ಒಬ್ಬ ಅಣ್ಣನಿಗಾಗಿಯೂ ಇನ್ನೊಬ್ಬ ತಮ್ಮನಿಗಾಗಿಯೂ ಅತ್ತರು. ಆಕೆ ಯಾರಿಗಾಗಿ ಮೊದಲು ಅಳುವುದೆಂದು ತಿಳಿಯದೆ ಹೊರಡಲು ಗಂಟು ಕಟ್ಟತೊಡಗಿದಳು.

ಇಷ್ಟರವರೆಗೆ ಟಪಾಲಣ್ಣ ಹೆಮ್ಮೆಯಿಂದಲೇ ಇದ್ದ. ಅವನ ವರದಿ ಇಷ್ಟೊಂದು ಪರಿಣಾಮ ಹಿಂದೆಂದೂ ಮಾಡಿರಲಿಲ್ಲ. ಹೋಟೆಲಿನವರು ಬರುವ ಹಿಂದಿನ ದಿನ ದೊಡ್ಡ ಯಜಮಾನರು ಅವನನ್ನು ಹತ್ತಿರ ಕರೆದರು. “ನೋಡು ಟಪಾಲು, ಅವನಿಗೆ ಇನ್ನೆಷ್ಟು ದಿನವೋ. ನಾಳೆ ಹೋಟೆಲಿನವರು ಹೋದ ಮೇಲೆ ನಾನೇ ಮಹಡಿಗೆ ಹೋಗಿ ಅವನ ಹತ್ರ ಮಾತಾಡ್ತೀನಿ. ಇನ್ನು ಮೇಲೆ ನಾವಿಬ್ಬರೂ ನೇರವಾಗಿ ಮಾತಾಡ್ಕೊಳ್ತೀವಿ. ನೀನು ಬೇರೆ ಕಡೆ ಕೆಲಸ ನೋಡ್ಕೋ.” ಸಿಡಿಲು ಬಡಿದವನಂತೆ ಟಪಾಲಣ್ಣ ಮೆಟ್ಟಿಲು ಹತ್ತಿದ. ಮೇಲೆ ಚಿಕ್ಕ ಯಜಮಾನರೂ ಅದನ್ನೇ ಹೇಳಿದರು. “ನಿನ್ನ ಋಣ ಮರೆಯಲ್ಲ ಕಣೋ,” ಎಂದು ಒಂದು ದಿಂಬನ್ನೂ ಉಡುಗೊರೆ ಕೊಟ್ಟರು.

ದಿಂಬು ಹಿಡಿದು ಮನೆಗೆ ಬಂದವನನ್ನು ಕಂಡು ಹೆಂಡತಿಗೆ ಅರ್ಧ ಅರ್ಥವಾಯಿತು. ಉಳಿದರ್ಧ ಅವನೇ ಹೇಳಿದ. ಅಂದು ಯಾವ ನಿಯಮವೂ ನೆನಪಾಗಲಿಲ್ಲ.

“ಮ್ಯಾನೇಜರ್ ಆಗೋದಕ್ಕೆ ಇಂಗ್ಲಿಷ್ ಕಲಿಯೋಕೆ ಹೋಗಿ, ಇದ್ದ ಅನ್ನಕ್ಕೂ ಕಲ್ಲು ಹಾಕ್ಕೊಂಡ್ರಾ? ಹೋಗಿ ನಿಜ ಹೇಳಿಬಿಡಿ.”

“ನಿಜ ಹೇಳಿದ್ರೆ ಮಾತು ತಿರುಚಿದ್ದಕ್ಕೆ ಓಡಿಸ್ತಾರೆ.”

“ಹೇಳದಿದ್ರೆ?”

“ರಾಜಿಯಾಗಿ ಓಡಿಸ್ತಾರೆ.”

ಮಾವನವರು ಕುರ್ಚಿಯಿಂದಲೇ, “ಓಡೋದಂತೂ ಖಾತ್ರಿ ಅಂತಾಯ್ತು. ಚಪ್ಪಲಿ ಗಟ್ಟಿಯಿದ್ಯಾ ನೋಡ್ಕೊಳ್ಳಿ, ಅಳಿಯಂದ್ರೇ,” ಎಂದರು.

ಟಪಾಲಣ್ಣನ ಚಿಂತೆ ಚಪ್ಪಲಿಯದ್ದಲ್ಲ. ಈ ವಯಸ್ಸಿನಲ್ಲಿ ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಅದನ್ನು ಕಟ್ಟಿಕೊಂಡು ಯಾವ ಅಂಗಡಿಗೆ ಹೋಗುವುದು? ಬಾಗಿಲು ಬಾಗಿಲಿಗೆ ನಿಂತು, ‘ನಿಮ್ಮಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಯಾರಾದರೂ ಇದ್ದಾರೆಯೇ’ ಎಂದು ಕೇಳಲಾದೀತೇ? ಅವನು ನಿಜವಾಗಿಯೂ ಹೆದರಿದ್ದ. ಹೆಂಡತಿಗೂ ಅದು ಕಂಡಿತು. ಅವಳು ಆ ಉಡುಗೊರೆ ದಿಂಬನ್ನು ಅವನ ಕೈಯಿಂದ ತೆಗೆದಿಟ್ಟು, ಊಟಕ್ಕೆ ತಟ್ಟೆ ಹಾಕಿದಳು.

ಮಾರನೆಯ ಬೆಳಿಗ್ಗೆ ಹೋಟೆಲಿನ ಅಧಿಕಾರಿಣಿ ಬಂದರು. ಕೈಯಲ್ಲೊಂದು ದಪ್ಪ ಚೀಲ, ಕಣ್ಣಿನ ಕೆಳಗೆ ಕಪ್ಪು. ಬಾಗಿಲಲ್ಲೇ ಇಂಗ್ಲಿಷಿನಲ್ಲಿ ಏನೋ ಅಂದರು. ದೊಡ್ಡ ಯಜಮಾನರು ಟಪಾಲಣ್ಣನನ್ನು ಮುಂದೆ ತಳ್ಳಿದರು. ಅವನಿಗೆ ಅರ್ಥವಾದದ್ದು ನಡುವೆ ಬಂದ ‘ಹಾಸಿಗೆ’ ಎಂಬ ಒಂದೇ ಕನ್ನಡ ಶಬ್ದ. ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ವರದಿ ಮಾಡುವುದೊಂದೇ ಆದ್ದರಿಂದ ಧೈರ್ಯ ಮಾಡಿ, “ಯು ಸೆಡ್ ದಟ್ ಯು ಹ್ಯಾಡ್ ಕಮ್ ಫಾರ್ ಹಾಸಿಗೆ,” ಎಂದು ಅವರ ಮಾತನ್ನು ಅವರಿಗೇ ವರದಿ ಮಾಡಿದ. ಅಧಿಕಾರಿಣಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಎಸ್,” ಎಂದು, ಹಾಸಿಗೆಯನ್ನು ಒತ್ತಿ ನೋಡಿದರು. ಕೂತು ನೋಡಿದರು. ಆಮೇಲೆ ಚೀಲ ಬದಿಗಿಟ್ಟು ಮಲಗಿ ನೋಡಿದರು.

ಅದೇ ಹೊತ್ತಿಗೆ ಮುಂಬಾಗಿಲಿನಿಂದ ಅಕ್ಕ, “ನನ್ನ ತಮ್ಮಂದಿರಾ,” ಎಂದು ಅಳುತ್ತಾ ಬಂದಳು. ಹಿಂದೆಯೇ ಡಾಕ್ಟರು. ಅವರಿಗೂ ಇಬ್ಬರ ಫೋನೂ ಹೋಗಿತ್ತು. ಅಕ್ಕನ ಅಳು ಕೇಳಿ, ಅಣ್ಣ ಹೋಗಿಯೇಬಿಟ್ಟನೆಂದು ತಿಳಿದ ಚಿಕ್ಕ ಯಜಮಾನರು ಮೆಟ್ಟಿಲುಗಳನ್ನು ಹಾರಿಕೊಂಡು ಕೆಳಗಿಳಿದರು. ಅವರು ಆ ಮೆಟ್ಟಿಲು ಇಳಿದದ್ದನ್ನು ಟಪಾಲಣ್ಣ ಕಂಡದ್ದು ಅದೇ ಮೊದಲು. ಅಣ್ಣತಮ್ಮಂದಿರು ಎದುರಾಬದುರು ನಿಂತರು. ಎದುರಿಗಿದ್ದವನಿಗೆ ಮಾತು ನೇರವಾಗಿ ಹೇಗೆ ಹೇಳುವುದೆಂದು ಇಬ್ಬರಿಗೂ ಮರೆತುಹೋಗಿತ್ತು.

ಡಾಕ್ಟರು ಇಬ್ಬರನ್ನೂ ಒಂದೊಂದು ಹಾಸಿಗೆಯ ಮೇಲೆ ಮಲಗಿಸಿ, ಎದೆ ಬೆನ್ನು ತಟ್ಟಿ, ನಾಲಿಗೆ ನೋಡಿ, “ಇಬ್ಬರಿಗೂ ಏನೂ ಆಗಿಲ್ಲ. ಯಾರ್ರೀ ಹೇಳಿದ್ದು ಸಾಯ್ತಾರೆ ಅಂತ? ಈ ಎದೆಗೂಡುಗಳು ಅಂಗಡಿಗಿಂತ ಹೆಚ್ಚು ಬಾಳಿಕೆ ಬರ್ತವೆ,” ಎಂದು ಸಿಡುಕಿ ಫೀಸು ಕೇಳಿದರು.

“ಅಕ್ಕಾ,” ಎಂದರು ಚಿಕ್ಕ ಯಜಮಾನರು ಎದ್ದು ಕೂತು, “ಏನೂ ಆಗಿಲ್ಲದಿದ್ರೆ ಅವನು ನನ್ನಲ್ಲಿ ವಿನಂತಿ ಯಾಕೆ ಮಾಡಿಕೊಂಡ ಕೇಳು.”

“ಅಕ್ಕಾ,” ಎಂದರು ದೊಡ್ಡ ಯಜಮಾನರು, “ನಾನು? ವಿನಂತಿ? ಇವನಲ್ಲಿ? ಅದಕ್ಕಿಂತ ಆ ಗೋಡೆಗೆ ಅರ್ಜಿ ಹಾಕ್ಕೊಳ್ತೀನಿ. ವಿನಂತಿ ಮಾಡಿಕೊಂಡಿದ್ದು ಅವನು.”

ಎಲ್ಲರ ಕಣ್ಣೂ ಟಪಾಲಣ್ಣನ ಮೇಲೆ ಬಿತ್ತು. ಅವನು ದಿಂಬುಗಳ ಗುಡ್ಡೆಯ ಹಿಂದೆ ಸರಿಯುತ್ತಿದ್ದ. ಅಕ್ಕ ಕಣ್ಣೀರು ಒರೆಸಿಕೊಂಡು ಸೆರಗು ಬಿಗಿದಳು. “ಏನಪ್ಪಾ, ಇವರು ಹೇಳಿದ್ದೇನು, ನೀನು ಹೇಳಿದ್ದೇನು? ಅವರವರ ಬಾಯಲ್ಲಿ ಬಂದಿದ್ದನ್ನ ಬಂದ ಹಾಗೇ ಹೇಳು. ಒಂದಕ್ಷರ ಬಿಟ್ರೆ ನೋಡು.”

ಅತ್ತ ದರಿ, ಇತ್ತ ಪುಲಿ. ಆದರೆ ‘ಬಂದ ಹಾಗೇ ಹೇಳು’ ಎಂಬ ಮಾತು ಕಿವಿಗೆ ಬಿದ್ದದ್ದೇ, ಟಪಾಲಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. ವಾರದಿಂದ ಗಂಟಲಲ್ಲಿ ತಡೆಹಿಡಿದದ್ದೆಲ್ಲ ಅಲ್ಲೇ ಇತ್ತು. ಅವನು ಚಿಕ್ಕ ಯಜಮಾನರ ಎದುರು ಕೈಕಟ್ಟಿ ನಿಂತು, “ಲೋ ದಂಡಪಿಂಡ, ಹೋಟೆಲಿನ ಹಾಸಿಗೆ ನಿನ್ನ ತಲೆಯಷ್ಟು ಗಟ್ಟಿಯಾಗಿರ್ಲಿ,” ಎಂದು ಶುರುಮಾಡಿದ. ಗಲ್ಲಾ ಗುದ್ದಬೇಕಾದಲ್ಲಿ ಗುದ್ದಿದ. ತಿರುಗಿ ದೊಡ್ಡ ಯಜಮಾನರಿಗೆ, “ಎಲೋ ಮುದಿ ಕೋಣ, ಬಾಯಿ ಬಡ್ಕೋಬೇಡ, ಎದೆ ಒಡ್ಕೊಂಡ್ರೆ ಡಾಕ್ಟರನ್ನ ಕರ್ಕೊಂಡು ಬರೋನು ಯಾರು,” ಎಂದ. ಮತ್ತೆ ಈಚೆ ತಿರುಗಿ, “ಬೆಪ್ಪು ಮುಂಡೇದೆ, ಟಾನಿಕ್ಕು ಊಟ ಆದ್ಮೇಲೆ ಕುಡಿ, ಮುಂಚೆ ಕುಡಿದು ಹೊಟ್ಟೆ ಹಿಡ್ಕೊಂಡು ಒದ್ದಾಡ್ಬೇಡ.” ಮತ್ತೆ ಆಚೆ, “ಕೋಣ, ಮೆಟ್ಟಿಲ ಹತ್ತಿರ ಸುಳೀಬೇಡ.” ಮತ್ತೆ ಈಚೆ, “ಲೋ ಮೊದ್ದು, ಕಣ್ಣಿಗೆ ಹೊಲಿಗೆ ಕಾಣಿಸ್ತಿಲ್ಲ ಅಂದ್ರೆ ಹೊಸ ಕನ್ನಡಕ ಹಾಕಿಸ್ಕೊಂಡು ಸಾಯಿ, ಹಣ ಗಲ್ಲಾದಲ್ಲಿದೆ.” ಒಂದು ವಾರದ ಬೈಗುಳವನ್ನು ಸಾಲಾಗಿ, ಕೆಮ್ಮು ಸಮೇತ ಒಪ್ಪಿಸಿ ಮುಗಿಸಿದಾಗ ಡಾಕ್ಟರು ಫೀಸಿನ ವಿಷಯ ಮರೆತು ಒಂದು ದಿಂಬಿನ ಮೇಲೆ ಕೂತುಬಿಟ್ಟಿದ್ದರು.

ಚಿಕ್ಕ ಯಜಮಾನರ ಮುಖ ಮಾತು ಮಾತಿಗೂ ಅರಳುತ್ತಾ ಹೋಗಿತ್ತು. “ಅಕ್ಕಾ, ಇಷ್ಟೂ ಬೈದಿದಾನೆ ನೋಡು. ಏನೂ ಆಗಿಲ್ಲ ಅವನಿಗೆ. ಕಲ್ಲುಗುಂಡಿನ ಹಾಗಿದಾನೆ,” ಎಂದು ಗಳಗಳ ಅತ್ತರು.

ದೊಡ್ಡ ಯಜಮಾನರು ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡರು. ಈಚೆ ತಿರುಗಿದಾಗ ಮುಖ ಮೊದಲಿನಂತೆ ಕೆಂಪಗಾಗಿತ್ತು. “ಟಪಾಲು. ನಾನು ಆಡದ ಮಾತನ್ನ ನನ್ನ ಬಾಯಿಗೆ ತುರುಕಿದ್ಯಾ? ನಡಿ ಆಚೆ.”

“ನಡಿ ಆಚೆ,” ಎಂದರು ಚಿಕ್ಕ ಯಜಮಾನರೂ. ಅಣ್ಣತಮ್ಮಂದಿರು ಒಂದೇ ಮಾತಾಡಿದ್ದನ್ನು ಅಕ್ಕ ಎಷ್ಟೋ ವರ್ಷಗಳ ಮೇಲೆ ಕೇಳಿದಳು.

ಟಪಾಲಣ್ಣ ಅಂಗಡಿಯ ಬೀಗದಕೈ ಗಲ್ಲಾದ ಮೇಲಿಟ್ಟ. ಚಪ್ಪಲಿ ಹುಡುಕಿದ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಹಾಸಿಗೆ ಹಾಸಿದ್ದ ಮಂಚದ ಕೆಳಗೆ ಬಗ್ಗಿದಾಗ ಮೇಲೆ ಗೊರಕೆ ಕೇಳಿಸಿತು. ಹೋಟೆಲಿನ ಅಧಿಕಾರಿಣಿ ಇಷ್ಟೂ ಹೊತ್ತು, ಅಷ್ಟೂ ಗಲಾಟೆಯಲ್ಲಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಅಕ್ಕ ತಟ್ಟಿದ್ದಕ್ಕೆ ಎದ್ದು ಕೂತು, “ಅಯ್ಯೋ, ಎಷ್ಟು ಹೊತ್ತಾಯ್ತು? ತಿಂಗಳಾಗಿತ್ತು ಕಣ್ರೀ ಹೀಗೆ ನಿದ್ದೆ ಬಂದು,” ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಆಕಳಿಸಿದರು. ಹಾಸಿಗೆ ತಟ್ಟಿ ನೋಡಿ, “ಎಲ್ಲಾ ಕೋಣೆಗೂ ಇದೇ ಬೇಕು. ಒಳಗೆ ಗಟ್ಟಿ, ಮೇಲೆ ಮೆತ್ತಗೆ. ಸ್ವಲ್ಪವೂ ಬದಲಾಗಬಾರದು,” ಎಂದು ಹೇಳಿ, ಕೆದರಿದ ಕೂದಲಲ್ಲೇ ಹೊರಟುಹೋದರು.

ಡಾಕ್ಟರೂ ಅವರ ಹಿಂದೆಯೇ ಹೊರಟರು. ಒಳಗಿನ ಗಟ್ಟಿ ಒಬ್ಬನದ್ದು, ಮೇಲಿನ ಮೆತ್ತಗೆ ಇನ್ನೊಬ್ಬನದ್ದು. ಇಬ್ಬರೂ ಕೂಡಿಯೇ ಹೊಲಿಸಬೇಕು. ದೊಡ್ಡ ಯಜಮಾನರು ತಮ್ಮನ ಕಡೆ ನೋಡಿ ಬಾಯಿ ತೆರೆದರು, ಮುಚ್ಚಿದರು. ಚಿಕ್ಕ ಯಜಮಾನರು ಕನ್ನಡಕ ಹಣೆಗೇರಿಸಿದರು, ಇಳಿಸಿದರು. ಅಕ್ಕ ತಲೆ ಚಚ್ಚಿಕೊಂಡು ನೀರು ಕುಡಿಯಲು ಒಳಗೆ ಹೋದಳು. ಟಪಾಲಣ್ಣ ಎರಡನೆಯ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟುವುದರಲ್ಲಿದ್ದ.

“ನಿಂತ್ಕೊಳೋ,” ಎಂದರು ದೊಡ್ಡ ಯಜಮಾನರು. “ಹೋಗೋ ಮುಂಚೆ ಅವನಿಗೆ ಇದೊಂದು ಹೇಳಿ ಹೋಗು. ಒಳಗಿನ ಹತ್ತಿ ಇದಕ್ಕಿಂತ ಒಂದು ಹಿಡಿಯೂ ಕಡಿಮೆ ಆಗ್ಬಾರದು.”

ಟಪಾಲಣ್ಣ ತಿರುಗಿ, ಬಂದ ಹಾಗೇ ಹೇಳಿದ. ಚಿಕ್ಕ ಯಜಮಾನರು, ಮೇಲಿನ ಪದರಕ್ಕೆ ಕೈಹಚ್ಚಿದರೆ ಬೆರಳು ಮುರಿಯುವುದಾಗಿ ಉತ್ತರ ಕೊಟ್ಟರು. ಅದನ್ನೂ ಬಂದ ಹಾಗೇ ಹೇಳಿದ. ಮಾತಿಗೆ ಮಾತು ಬೆಳೆಯಿತು. ಯಾವಾಗಲೋ ಟಪಾಲಣ್ಣ ಚಪ್ಪಲಿ ಕಳಚಿ ಒಳಗೆ ಬಂದಿದ್ದ. ಬೀಗದಕೈ ಮತ್ತೆ ಅವನ ಜೇಬಿಗೆ ಬಿದ್ದಿತ್ತು. ಯಾರೂ ಅದನ್ನು ನೋಡಿದಂತೆ ಕಾಣಲಿಲ್ಲ.

ತಮ್ಮ ಎರಡು ಮಾರು ದೂರದಲ್ಲಿ ಕೂತಿದ್ದ. ದೊಡ್ಡ ಯಜಮಾನರು ಅವನ ಕಡೆ ನೋಡದೆ, ನೆಲ ನೋಡುತ್ತಾ, “ಟಪಾಲು,” ಎಂದರು, “ಅವನಿಗೆ ಹೇಳು. ಈ ವಾರವಿಡೀ ನನಗೆ ತುತ್ತು ಗಂಟಲಲ್ಲಿ ಇಳೀಲಿಲ್ಲ ಅಂತ. ಅವನಿಲ್ಲದಿದ್ರೆ ನಾನು ಯಾರನ್ನ ಬೈಲಿ ಅಂತ.” ಸ್ವಲ್ಪ ತಡೆದು, “ಬೇಡ. ಅದನ್ನ ಹೇಳ್ಬೇಡ. ಕತ್ತೆ ಅಂದೆ ಅಂತ ಹೇಳು,” ಎಂದರು.

ಟಪಾಲಣ್ಣ ಆಚೆ ತಿರುಗಿ, “ಕತ್ತೆ,” ಎಂದ.

ಚಿಕ್ಕ ಯಜಮಾನರು ಬಹಳ ಹೊತ್ತು ಕನ್ನಡಕದ ಗಾಜು ಒರೆಸಿದರು. “ಕೇಳಿಸ್ತು ಅಂತ ಹೇಳು,” ಎಂದರು.

“ಯಾವುದು ಯಜಮಾನ್ರೇ?”

“ಎಲ್ಲಾ.”

ಟಪಾಲಣ್ಣ ದೊಡ್ಡ ಯಜಮಾನರ ಕಡೆ ತಿರುಗಿ, ಕೈಕಟ್ಟಿ ನಿಂತು, ಒಂದಕ್ಷರ ಆಚೀಚೆ ಮಾಡದೆ, “ಕೇಳಿಸ್ತು,” ಎಂದ.